ಕಾಲೇಜ್ ಲಿಸ್ಟನ್ನ ಕೆಳಗಿಂದ ಕಟ್ಟಿ: ಅಮೆರಿಕದಲ್ಲಿ ಹೈಸ್ಕೂಲ್ ಓದ್ತಿರೋ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ

ಅಮೆರಿಕದಲ್ಲಿ ಹನ್ನೊಂದನೇ ಕ್ಲಾಸಿಗೆ ಬಂದ ಮಕ್ಕಳಿರೋ ಮನೆಗಳಲ್ಲಿ ಮಾತು ಶುರುವಾಗೋದೇ ಇದು, ಯಾವ್ಯಾವ ಕಾಲೇಜಿಗೆ ಅಪ್ಲೈ ಮಾಡೋದು, ಎಷ್ಟಕ್ಕೆ ಮಾಡೋದು. ನಮ್ಮ ಕನ್ನಡದವರ ಮನೆಗಳಲ್ಲಿ ಈ ಲಿಸ್ಟ್ ಸಾಮಾನ್ಯವಾಗಿ ಮೇಲಿಂದ ಶುರುವಾಗತ್ತೆ, ಮೊದ್ಲು ಸ್ಟ್ಯಾನ್‌ಫರ್ಡ್, ಎಂಐಟಿ, ಹಾರ್ವರ್ಡ್, ಆಮೇಲೆ ಬರ್ಕ್ಲಿ, ಕಾರ್ನೆಗಿ ಮೆಲನ್, ಜಾರ್ಜಿಯಾ ಟೆಕ್, ಹೀಗೇ ಹದಿನೈದು ಹೆಸರು ಬರೆದಾದ್ಮೇಲೆ ಕಟ್ಟಕಡೆಗೆ "ಸೇಫ್ಟಿಗೆ ಒಂದಿರ್ಲಿ" ಅಂತ ಹತ್ತಿರದ ಸ್ಟೇಟ್ ಯೂನಿವರ್ಸಿಟಿ ಹೆಸರು ಸೇರಿಸ್ತಾರೆ, ಅದರ ವೆಬ್‌ಸೈಟ್ ಕೂಡ ಮನೇಲಿ ಯಾರೂ ತೆಗೆದು ನೋಡಿರಲ್ಲ. ಮಾರ್ಚ್ ಕೊನೇಲಿ ರಿಸಲ್ಟ್ ಬಂದಾಗ ಆ ಮಗುವಿಗೆ ಸಿಕ್ಕಿರೋದು ಆ ಕೊನೇ ಹೆಸರೊಂದೇ ಆಗಿದ್ರೆ, ನಾಲ್ಕು ವರ್ಷ ಚೆನ್ನಾಗಿ ಓದಿದ ಮಗು ತಾನು ಸೋತೆ ಅಂದ್ಕೊಂಡು ಕೂರತ್ತೆ. ಅದನ್ನ ನೋಡಿ ತುಂಬಾ ಸಂಕಟ ಆಗಿದೆ ನಂಗೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹೇಳೋದು ಒಂದೇ, ಲಿಸ್ಟನ್ನ ಕೆಳಗಿಂದ ಕಟ್ಟಿ. ಸೀಟು ಖಾತ್ರಿ ಇರೋ, ಫೀಸ್ ಕಟ್ಟೋಕಾಗೋ, ಮಗು ಖುಷಿಯಾಗಿ ಹೋಗೋ ಎರಡು ಕಾಲೇಜು ಮೊದ್ಲು ಹುಡುಕಿ, ಆಮೇಲೆ ಮೇಲಕ್ಕೆ ಹೋಗಿ. ಮೇಲಿನ ಹೆಸರುಗಳನ್ನ ಹುಡುಕೋಕೆ ಯಾರ ಸಹಾಯಾನೂ ಬೇಡ, ಅವು ಎಲ್ಲರಿಗೂ ಗೊತ್ತಿರ್ತವೆ, ಕೆಳಗಿನ ಹೆಸರು ಹುಡುಕೋದೇ ನಿಜವಾದ ಕೆಲಸ.

ಮೊದಲ್ನೇ ಹೆಜ್ಜೆ: ಮಗು ಒಂದ್ಕಡೆ ಬರೀಲಿ, ನೀವು ಒಂದ್ಕಡೆ ಬರೀರಿ

ಹನ್ನೊಂದನೇ ಕ್ಲಾಸಿನ ಚಳಿಗಾಲದಲ್ಲಿ, ಅಂದ್ರೆ ಜನವರಿ ಫೆಬ್ರವರಿ ಹೊತ್ತಿಗೆ, ಒಂದು ಹೊತ್ತು ಬಿಡುವು ಮಾಡ್ಕೊಳ್ಳಿ. ಕಾಲೇಜ್ ಹೆಸರು ಇನ್ನೂ ಬೇಡ. ಮಗುಗೆ ಏನೇನು ಬೇಕು ಅಂತ ಅದೇ ಒಂದು ಹಾಳೇಲಿ ಬರೀಲಿ, ಏನು ಓದ್ಬೇಕು ಅಂತಿದೆ ಮತ್ತೆ ಅದ್ರ ಬಗ್ಗೆ ಎಷ್ಟು ಖಚಿತ ಇದೆ, ಮನೆಯಿಂದ ಎಷ್ಟು ದೂರ ಆದ್ರೆ ಸರಿ, ನಲವತ್ತು ಸಾವಿರ ಮಕ್ಕಳಿರೋ ದೊಡ್ಡ ಕ್ಯಾಂಪಸ್ಸಾ ಇಲ್ಲಾ ಪ್ರೊಫೆಸರ್‌ಗೆ ಹೆಸರು ಹಿಡಿದು ಕರೆಯೋಷ್ಟು ಗುರುತಿರೋ ಎರಡು ಸಾವಿರದ ಕಾಲೇಜಾ, ಸಿಟಿನಾ ಹಳ್ಳಿ ಕಡೆನಾ, ಕಂಪೆಟಿಷನ್ ಜಾಸ್ತಿ ಇದ್ರೆ ಹುರುಪು ಬರತ್ತಾ ಇಲ್ಲಾ ಕುಗ್ಗಿಹೋಗತ್ತಾ. ಈ ಕೊನೇ ಪ್ರಶ್ನೆ ಯಾರೂ ಕೇಳಲ್ಲ, ಆದ್ರೆ ತುಂಬಾ ಮುಖ್ಯ. ಕ್ಲಾಸಲ್ಲಿ ಮೊದಲ ಹತ್ತರಲ್ಲಿದ್ರೆ ಅರಳೋ ಮಕ್ಕಳಿದಾರೆ, ಸುತ್ತ ಎಲ್ಲರೂ ತನಗಿಂತ ಮುಂದಿದ್ರೆ ಇನ್ನೂ ಜೋರಾಗಿ ಓಡೋ ಮಕ್ಕಳೂ ಇದಾರೆ, ನಿಮ್ಮ ಮಗು ಯಾವ ಥರ ಅಂತ ನಿಮಗಿಂತ ಚೆನ್ನಾಗಿ ಅದಕ್ಕೇ ಗೊತ್ತಿರತ್ತೆ.

ಅಪ್ಪ ಅಮ್ಮ ತಮ್ಮ ಹಾಳೇಲಿ ಬರೀಬೇಕಾದ್ದು ಮುಖ್ಯವಾಗಿ ಒಂದು, ವರ್ಷಕ್ಕೆ ಎಷ್ಟು ದುಡ್ಡು ಕೊಡೋಕಾಗತ್ತೆ. ಬಾಯಲ್ಲಿ "ಅದನ್ನ ನಾವು ನೋಡ್ಕೋತೀವಿ, ನೀನು ಓದು" ಅನ್ಬೇಡಿ, ನಂಬರ್ ಬರೀರಿ. ಪ್ರೀತಿಯಿಂದಾನೇ ಹಾಗನ್ನೋದು, ಒಪ್ತೀನಿ. ಆದ್ರೆ ಡಿಸೆಂಬರಲ್ಲಿ ಕನಸಿನ ಕಾಲೇಜಿಂದ ಹೂಂ ಬಂದಾದ್ಮೇಲೆ "ಇಷ್ಟು ಕಟ್ಟೋಕಾಗಲ್ಲ ಕಣೋ" ಅನ್ನೋದಕ್ಕಿಂತ ಫೆಬ್ರವರೀಲೇ ಹೇಳೋದು ಮಗುಗೆ ಮಾಡೋ ದೊಡ್ಡ ಉಪಕಾರ. ಹದಿನಾರು ಹದಿನೇಳು ವರ್ಷದ ಮಕ್ಕಳು ದುಡ್ಡಿನ ವಿಷಯ ನಾವಂದ್ಕೊಂಡಿರೋದಕ್ಕಿಂತ ಚೆನ್ನಾಗಿ ಅರ್ಥ ಮಾಡ್ಕೋತಾರೆ.

ಎರಡನೇ ಹೆಜ್ಜೆ: ದುಡ್ಡಿನ ಲೆಕ್ಕ ಅಪ್ಲೈ ಮಾಡೋಕೆ ಮುಂಚೆ

ಇದ್ರಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಲಿಸ್ಟ್ ಹಾಳಾಗೋದು ಬಹಳ ಸಲ ಇಲ್ಲೇ.

ಬಹಳಷ್ಟು ಹೆಸರಾಂತ ಪ್ರೈವೇಟ್ ಕಾಲೇಜುಗಳ ಒಂದು ವರ್ಷದ ಖರ್ಚು, ಟ್ಯೂಷನ್, ರೂಮು, ಊಟ ಎಲ್ಲ ಸೇರಿ, ಈಗ 90,000 ಡಾಲರ್ ಹತ್ತಿರ ಇದೆ, ಕೆಲವು ಅದನ್ನೂ ದಾಟಿವೆ. ಆದ್ರೆ ವೆಬ್‌ಸೈಟಲ್ಲಿರೋ ಬೆಲೆ ಬೇರೆ, ನಿಮ್ಮ ಮನೆಗೆ ಬರೋ ಬಿಲ್ ಬೇರೆ. ಫೆಡರಲ್ ಕಾನೂನಿನ ಪ್ರಕಾರ 2011ರಿಂದ ಹೆಚ್ಚುಕಮ್ಮಿ ಎಲ್ಲಾ ಕಾಲೇಜುಗಳೂ ತಮ್ಮ ವೆಬ್‌ಸೈಟಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇಡಲೇಬೇಕು. ಆದಾಯ, ಸೇವಿಂಗ್ಸ್, ಮನೇಲಿ ಎಷ್ಟು ಜನ ಅಂತ ಹಾಕಿದ್ರೆ ನಿಮ್ಮಂಥ ಕುಟುಂಬಕ್ಕೆ ಅಂದಾಜು ಎಷ್ಟು ಬೀಳತ್ತೆ ಅಂತ ತೋರಿಸತ್ತೆ. ಕೈಯಲ್ಲಿ ಟ್ಯಾಕ್ಸ್ ರಿಟರ್ನ್ ಇಟ್ಕೊಂಡು ಕೂತ್ರೆ ಒಂದು ಕಾಲೇಜಿಗೆ ಹತ್ತು ಹದಿನೈದು ನಿಮಿಷದ ಕೆಲಸ ಅಷ್ಟೇ. ಲಿಸ್ಟಿಗೆ ಬರೋ ಪ್ರತಿ ಕಾಲೇಜಿಗೂ ಇದನ್ನ ಮಾಡಿ, ಬಂದ ನಂಬರನ್ನ ಒಂದು ಎಕ್ಸೆಲ್ ಶೀಟಲ್ಲಿ ಬರೆದಿಡಿ.

ಇದನ್ನ ಮಾಡಿದಾಗ ಆಶ್ಚರ್ಯ ಕಾದಿರತ್ತೆ. ಮಧ್ಯಮ ಆದಾಯದ ಮನೆಗೆ ಹಾರ್ವರ್ಡ್, ಎಂಐಟಿ ಅಂಥವು ಸ್ಟೇಟ್ ಯೂನಿವರ್ಸಿಟಿಗಿಂತ ಅಗ್ಗ ಬೀಳೋದೂ ಉಂಟು, ಎರಡೂ ಕಡೆ 2025ರ ಫಾಲ್‌ನಿಂದ ವರ್ಷಕ್ಕೆ 2,00,000 ಡಾಲರ್ ಒಳಗಿನ ಆದಾಯ, ಸಾಮಾನ್ಯ ಮಟ್ಟದ ಆಸ್ತಿ ಇರೋ ಕುಟುಂಬಗಳಿಗೆ ಟ್ಯೂಷನ್ ಇಲ್ಲ. ಆದ್ರೆ ಇಬ್ಬರೂ ಐಟಿ ಕೆಲಸದಲ್ಲಿರೋ ಮನೆಗಳಿಗೆ ಕಥೆ ಬೇರೆ, ಅಲ್ಲಿ ಏಡ್, ಅಂದ್ರೆ ಆರ್ಥಿಕ ಸಹಾಯ, ಸೊನ್ನೆ ಬರಬಹುದು, ಪೂರ್ತಿ ಬೆಲೆ ಕಟ್ಬೇಕಾಗಬಹುದು. ಐವಿ ಲೀಗ್ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡಲ್ಲ, ಅಲ್ಲಿ ಸಿಗೋ ಸಹಾಯ ಎಲ್ಲ ಆರ್ಥಿಕ ಅಗತ್ಯದ ಮೇಲೆ. ಹಾಗಾಗಿ "ಚೆನ್ನಾಗಿ ಓದ್ತಾನೆ, ಸ್ಕಾಲರ್‌ಶಿಪ್ ಕೊಟ್ಟೇ ಕೊಡ್ತಾರೆ" ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ.

ಮೆರಿಟ್ ಮೇಲೆ ದುಡ್ಡು ಕೊಡೋ ಕಾಲೇಜುಗಳು ಬೇರೆ ಇವೆ. ಅಲಬಾಮಾ ಯೂನಿವರ್ಸಿಟಿ ಥರದವು ಜಿಪಿಎ (ಸ್ಕೂಲ್ ಗ್ರೇಡ್‌ಗಳ ಸರಾಸರಿ) ಇಷ್ಟು, ಎಸ್‌ಎಟಿ ಟೆಸ್ಟ್ ಸ್ಕೋರ್ ಇಷ್ಟು ಇದ್ರೆ ಇಷ್ಟು ಸ್ಕಾಲರ್‌ಶಿಪ್ ಅಂತ ಟೇಬಲ್ಲೇ ಹಾಕಿಬಿಡ್ತವೆ, ಹೊರ ರಾಜ್ಯದ ಮಕ್ಕಳಿಗೂ. ಪಶ್ಚಿಮದ ರಾಜ್ಯಗಳಲ್ಲಿದ್ರೆ ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್ ನೋಡಿ, ಅದ್ರಲ್ಲಿ ಸೇರಿರೋ ಪಬ್ಲಿಕ್ ಯೂನಿವರ್ಸಿಟಿಗಳಿಗೆ ಪಕ್ಕದ ರಾಜ್ಯದಿಂದ ಹೋದ್ರೂ ಅಲ್ಲಿನವರ ಟ್ಯೂಷನ್‌ನ ಒಂದೂವರೆ ಪಟ್ಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಆದ್ರೆ ಎಲ್ಲಾ ಮೇಜರ್‌ಗೂ (ಡಿಗ್ರಿಗೆ ಮುಖ್ಯವಾಗಿ ಓದೋ ವಿಷಯ) ಇದು ಸಿಗಲ್ಲ, ಕೇಳಿ ನೋಡ್ಬೇಕು. ಇದಕ್ಕೆ ತದ್ವಿರುದ್ಧ ಯುಸಿ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು, ಹೊರ ರಾಜ್ಯದಿಂದ ಬರೋರಿಗೆ ಅಗತ್ಯದ ಮೇಲಿನ ಸಹಾಯ ಬಹಳ ಕಮ್ಮಿ. ನೀವು ಟೆಕ್ಸಸ್‌ನಲ್ಲೋ ನ್ಯೂ ಜೆರ್ಸಿಯಲ್ಲೋ ಇದ್ಕೊಂಡು ಮಗುವಿನ ಲಿಸ್ಟಲ್ಲಿ ಆರು ಯುಸಿ ಹಾಕಿದ್ರೆ, ಒಂದೊಂದಕ್ಕೂ ಬೇರೆ ಬೇರೆ ಅಪ್ಲಿಕೇಷನ್ ಫೀಸು, ಸೀಟ್ ಸಿಕ್ಕಿದ್ರೆ ಪೂರ್ತಿ ಹೊರ ರಾಜ್ಯದ ಬೆಲೆ, ಇದು ಗೊತ್ತಿದ್ದೇ ಹಾಕಿ.

ಸಾಲದ ವಿಷಯಾನೂ ತಿಳ್ಕೊಂಡಿರಿ. ಅಪ್ಪ ಅಮ್ಮನ ಮೇಲೆ ಅವಲಂಬಿಸಿರೋ ಮಗು ತನ್ನ ಹೆಸರಲ್ಲಿ ತಗೊಳ್ಳೋ ಫೆಡರಲ್ ಸ್ಟೂಡೆಂಟ್ ಲೋನ್ ಮೊದಲ್ನೇ ವರ್ಷಕ್ಕೆ 5,500 ಡಾಲರ್, ನಾಲ್ಕು ವರ್ಷಕ್ಕೆ ಒಟ್ಟು 27,000. ಅಷ್ಟೇ. ಅದರ ಮೇಲಿಂದೆಲ್ಲ ಪ್ರೈವೇಟ್ ಲೋನು ಅಥವಾ ಅಪ್ಪ ಅಮ್ಮನ ತಲೆ ಮೇಲೆ ಬರೋ ಲೋನು. ಅಂಡರ್‌ಗ್ರ್ಯಾಡ್ ಡಿಗ್ರಿಗೋಸ್ಕರ ರಿಟೈರ್‌ಮೆಂಟ್ ದುಡ್ಡಿಗೆ ಕೈ ಹಾಕೋದು ನಾನಂತೂ ಬೇಡ ಅಂತೀನಿ, ಮುಂದೆ ಮಾಸ್ಟರ್ಸ್ ಮಾಡೋದಿದ್ರೆ ಆಗ ಎಲ್ಲಿಂದ ತರ್ತೀರಿ?

ಆರ್ಥಿಕ ಸಹಾಯ ಕೇಳೋಕೆ ಎರಡು ಫಾರ್ಮ್ ಇವೆ, ಫೆಡರಲ್ ಸರ್ಕಾರದ ಫಾಫ್ಸಾ ಮತ್ತೆ ಸಿಎಸ್‌ಎಸ್ ಪ್ರೊಫೈಲ್. ಫಾಫ್ಸಾ ಹೆಚ್ಚುಕಮ್ಮಿ ಎಲ್ಲಾ ಕಡೆಗೂ ಬೇಕು, ಅದ್ರಲ್ಲಿ ನೀವು ವಾಸ ಇರೋ ಮನೆ ಬೆಲೆ, 401ಕೆ ಬ್ಯಾಲೆನ್ಸ್ ಕೇಳಲ್ಲ. ಸಿಎಸ್‌ಎಸ್ ಪ್ರೊಫೈಲ್ ಕೇಳೋದು ಮುಖ್ಯವಾಗಿ ಪ್ರೈವೇಟ್ ಕಾಲೇಜುಗಳು, ಅದು ಮನೆ ವಿವರಾನೂ ಕೇಳತ್ತೆ, ಹಾಗಾಗಿ ಒಂದೇ ಕುಟುಂಬಕ್ಕೆ ಎರಡು ಕಾಲೇಜಲ್ಲಿ ಬೇರೆ ಬೇರೆ ಲೆಕ್ಕ ಬರತ್ತೆ. ಇನ್ನೊಂದು, 2024-25ರಿಂದ ಫಾಫ್ಸಾ ಲೆಕ್ಕ ಬದಲಾದಾಗ ಒಂದೇ ಸಲಕ್ಕೆ ಇಬ್ಬರು ಮಕ್ಕಳು ಕಾಲೇಜಲ್ಲಿದ್ರೆ ಸಿಗ್ತಿದ್ದ ರಿಯಾಯಿತಿ ಹೋಯ್ತು. ಅಣ್ಣ ತಂಗಿ ಒಂದೆರಡು ವರ್ಷ ಅಂತರದಲ್ಲಿರೋ ಮನೆಗಳು ಹಳೇ ಲೆಕ್ಕ ನಂಬ್ಕೊಂಡು ಕೂರಬೇಡಿ.

ಎಚ್-4 ಮೇಲಿರೋ ಮಕ್ಕಳ ಅಪ್ಪ ಅಮ್ಮಂದಿರು ಇದನ್ನ ತಪ್ಪದೇ ಓದಿ

ಗ್ರೀನ್ ಕಾರ್ಡಿಗೆ ಕಾಯ್ತಿರೋ ನಮ್ಮವರು ಎಷ್ಟು ಜನ ಇದಾರೆ ಅಂತ ನಿಮಗೇ ಗೊತ್ತು. ಮಗು ಕಿಂಡರ್‌ಗಾರ್ಟನ್‌ನಿಂದ ಇಲ್ಲೇ ಓದಿದ್ರೂ ಎಚ್-4ನಲ್ಲಿದ್ರೆ (ಎಚ್-1ಬಿ ಮೇಲೆ ಕೆಲಸ ಮಾಡೋರ ಕುಟುಂಬದ ವೀಸಾ) ಫೆಡರಲ್ ಸಹಾಯ, ಫೆಡರಲ್ ಲೋನ್ ಎರಡೂ ಸಿಗಲ್ಲ. ಬಹಳಷ್ಟು ಪ್ರೈವೇಟ್ ಕಾಲೇಜುಗಳು ಅಂಥ ಮಗುವನ್ನ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಅಂತಾನೇ ಲೆಕ್ಕ ಹಾಕ್ತವೆ, ಏಡ್ ಕೇಳಿದ್ರೆ ಸೀಟು ಸಿಗೋ ಅವಕಾಶಾನೇ ಕಮ್ಮಿಯಾಗೋ ಕಡೆಗಳೂ ಇವೆ. ಏಡ್ ಕೇಳಿದ್ರೂ ಅದನ್ನ ಅಡ್ಮಿಷನ್‌ಗೆ ಅಡ್ಡ ತರದ ಕಾಲೇಜುಗಳು ಕೆಲವು ಇವೆ, ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಇವೆಲ್ಲ ಆ ಗುಂಪಲ್ಲಿವೆ, ಆದ್ರೆ ಇವೆಲ್ಲ ಸೀಟು ಸಿಗೋದೇ ದುಸ್ತರ ಆಗಿರೋವು.

ಸ್ಟೇಟ್ ಯೂನಿವರ್ಸಿಟಿಗಳ ವಿಷಯದಲ್ಲಿ, ಬಹಳ ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೆ ಇನ್-ಸ್ಟೇಟ್ ಫೀಸ್ ಸಿಗತ್ತೆ. ಆದ್ರೆ ಇಪ್ಪತ್ತೊಂದು ತುಂಬಿದ್ಮೇಲೆ ಎಚ್-4 ಇರಲ್ಲ, ಎಫ್-1 ಸ್ಟೂಡೆಂಟ್ ವೀಸಾಗೆ ಹೋಗ್ಬೇಕಾಗತ್ತೆ, ಅಂದ್ರೆ ಮೂರನೇ ವರ್ಷದಲ್ಲೋ ನಾಲ್ಕನೇ ವರ್ಷದಲ್ಲೋ. ಆಗ ಇನ್-ಸ್ಟೇಟ್ ಫೀಸ್ ಮುಂದುವರಿಯತ್ತಾ ಅಂತ ಆ ಯೂನಿವರ್ಸಿಟಿಯ ರೆಸಿಡೆನ್ಸಿ ಆಫೀಸಿಗೆ ಈಮೇಲ್ ಮಾಡಿ, ಉತ್ತರ ಬರಹದಲ್ಲೇ ತಗೊಳ್ಳಿ. ಯಾರೋ ಪರಿಚಯದವರ ಮಗನಿಗೆ ಸಿಕ್ತು ಅನ್ನೋ ಮಾತಿನ ಮೇಲೆ ಲಿಸ್ಟ್ ಮಾಡ್ಬೇಡಿ, ಅವರ ರಾಜ್ಯ ಬೇರೆ, ಅವರ ವರ್ಷ ಬೇರೆ.

ಮೂರನೇ ಹೆಜ್ಜೆ: ಮಗುವಿನ ನಂಬರು, ಕಾಲೇಜಿನ ನಂಬರು

ಈಗ ಮಗುವಿನ ಟ್ರಾನ್ಸ್‌ಕ್ರಿಪ್ಟ್ ತೆಗೀರಿ. ವೆಯ್ಟೆಡ್ ಜಿಪಿಎ (ಕಷ್ಟದ ಕೋರ್ಸ್‌ಗೆ ಜಾಸ್ತಿ ಅಂಕ ಸೇರಿಸಿದ್ದು), ಅನ್‌ವೆಯ್ಟೆಡ್ ಜಿಪಿಎ ಎರಡೂ ಬರ್ಕೊಳ್ಳಿ, ಎಪಿ ಅಥವಾ ಆನರ್ಸ್ ಅನ್ನೋ ಕಷ್ಟದ ಕೋರ್ಸ್ ಎಷ್ಟು ತಗೊಂಡಿದಾರೆ, ಸ್ಕೂಲಲ್ಲಿ ಒಟ್ಟು ಎಷ್ಟಿವೆ ಅಂತಾನೂ. ವೆಯ್ಟೆಡ್ 4.4 ಅಂದ್ರೆ ಒಂದು ಸ್ಕೂಲಲ್ಲಿ ಮೊದಲ ಸ್ಥಾನ, ಇನ್ನೊಂದು ಸ್ಕೂಲಲ್ಲಿ ಸಾಧಾರಣ, ಅದಕ್ಕೇ ಬೇರೆ ಸ್ಕೂಲಿನ ಮಕ್ಕಳ ಜೊತೆ ಹೋಲಿಸೋದ್ರಿಂದ ಏನೂ ತಿಳಿಯಲ್ಲ. ನಿಮ್ಮ ಸ್ಕೂಲ್ ನವಿಯಾನ್ಸ್ ಅಥವಾ ಸ್ಕಾಯರ್ ಅನ್ನೋ ಕಾಲೇಜ್ ಪ್ಲಾನಿಂಗ್ ಸೈಟ್ ಬಳಸ್ತಿದ್ರೆ ಅದ್ರಲ್ಲಿ ಒಂದು ಚುಕ್ಕಿ ಚಾರ್ಟ್ ಇರತ್ತೆ, ನಿಮ್ಮ ಸ್ಕೂಲಿಂದಾನೇ ಹಿಂದಿನ ವರ್ಷಗಳಲ್ಲಿ ಆ ಕಾಲೇಜಿಗೆ ಹಾಕಿದ ಮಕ್ಕಳು ಎಷ್ಟು ಜಿಪಿಎಗೆ ಒಳಗೆ ಹೋದ್ರು, ಎಷ್ಟಕ್ಕೆ ಹೊರಗುಳಿದ್ರು ಅಂತ. ನನ್ನ ಕೇಳಿದ್ರೆ ಯಾವ ಕನ್ಸಲ್ಟೆಂಟ್ ಮಾತಿಗಿಂತಲೂ ಆ ಚಾರ್ಟ್ ಜಾಸ್ತಿ ಬೆಲೆ ಬಾಳತ್ತೆ.

ಕಾಲೇಜಿನ ಕಡೆಯಿಂದ ನೋಡೋಕೆ ಕಾಮನ್ ಡೇಟಾ ಸೆಟ್ ಅಂತ ಒಂದು ದಾಖಲೆ ಇದೆ, ಕಾಲೇಜ್ ಹೆಸರಿನ ಜೊತೆ ಅದನ್ನ ಸೇರಿಸಿ ಸರ್ಚ್ ಮಾಡಿದ್ರೆ ಪಿಡಿಎಫ್ ಸಿಗತ್ತೆ. ಅದ್ರಲ್ಲಿ ಸಿ ವಿಭಾಗ ಪೂರ್ತಿ ಅಡ್ಮಿಷನ್ ಬಗ್ಗೆ. ಸಿ7 ಅನ್ನೋ ಟೇಬಲ್ಲಲ್ಲಿ ಆ ಕಾಲೇಜು ಏನಕ್ಕೆ ಎಷ್ಟು ಬೆಲೆ ಕೊಡತ್ತೆ ಅಂತ ತಾನೇ ಟಿಕ್ ಹಾಕಿರತ್ತೆ, ಕೋರ್ಸ್‌ಗಳ ಕಷ್ಟದ ಮಟ್ಟ, ಮಾರ್ಕ್ಸು, ಎಸ್ಸೇ, ರೆಕಮೆಂಡೇಷನ್, ಹಳೇ ವಿದ್ಯಾರ್ಥಿಗಳ ಮಕ್ಕಳಾ ಅನ್ನೋದು, ಮಗು ಕಾಲೇಜಲ್ಲಿ ಎಷ್ಟು ಆಸಕ್ತಿ ತೋರಿಸಿದೆ ಅನ್ನೋದು. ಈ ಆಸಕ್ತಿ ಅನ್ನೋ ಸಾಲಲ್ಲಿ ಟಿಕ್ ಇದ್ದ ಕಾಲೇಜಿಗೆ ಕ್ಯಾಂಪಸ್ ಟೂರ್, ಆನ್‌ಲೈನ್ ಇನ್ಫೋ ಸೆಷನ್‌ಗೆ ರಿಜಿಸ್ಟರ್ ಮಾಡೋದು ಲೆಕ್ಕಕ್ಕೆ ಬರತ್ತೆ, ಇಲ್ಲದ ಕಡೆ ಅದಕ್ಕೋಸ್ಕರ ಫ್ಲೈಟ್ ಟಿಕೆಟ್ ಖರ್ಚು ಮಾಡೋದೇ ಬೇಡ.

ಟೆಸ್ಟ್ ವಿಷಯ ಕಾಲೇಜಿಂದ ಕಾಲೇಜಿಗೆ ಬೇರೆ ಆಗ್ಬಿಟ್ಟಿದೆ ಈಗ. ಯುಸಿ ಕ್ಯಾಂಪಸ್‌ಗಳು ಎಸ್‌ಎಟಿ ಕಳಿಸಿದ್ರೂ ಅಡ್ಮಿಷನ್‌ಗೆ ನೋಡೋದೇ ಇಲ್ಲ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡ್ತು, 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ ಮತ್ತೆ ಟೆಸ್ಟ್ ಬೇಕು ಅಂತ ಹೇಳಿದ್ವು. ಟೆಸ್ಟ್ ಆಪ್ಷನಲ್ ಇರೋ ಕಾಲೇಜಿನ ಸರಾಸರಿ ಸ್ಕೋರ್ ನೋಡಿ ಗಾಬರಿ ಬೀಳಬೇಡಿ, ಅಲ್ಲಿ ಜಾಸ್ತಿ ಬಂದೋರು ಮಾತ್ರ ಕಳಿಸಿರ್ತಾರೆ, ಕಮ್ಮಿ ಬಂದೋರು ಕಳಿಸಿರಲ್ಲ, ಅದಕ್ಕೇ ಸರಾಸರಿ ಅಷ್ಟು ಮೇಲೆ ಕೂತಿರತ್ತೆ. ಸಿ9ರಲ್ಲಿ ನೂರಕ್ಕೆ ಎಷ್ಟು ಜನ ಸ್ಕೋರ್ ಕಳಿಸಿದ್ರು ಅಂತಾನೂ ಇರತ್ತೆ, ಎರಡನ್ನೂ ಸೇರಿಸಿ ಓದಿ.

ನಾಲ್ಕನೇ ಹೆಜ್ಜೆ: ಖಾತ್ರಿ ಕಾಲೇಜು ಎರಡು, ಮನಸ್ಸಿಟ್ಟು ಹುಡುಕಿ

ಖಾತ್ರಿ ಅನ್ನೋಕೆ ಮೂರೂ ಇರ್ಬೇಕು, ಸೀಟು ಬಹುತೇಕ ಗ್ಯಾರಂಟಿ, ಯಾವ ಸ್ಕಾಲರ್‌ಶಿಪ್ಪೂ ಬರದೇ ಇದ್ರೂ ನೀವು ಬರೆದ ನಂಬರ್ ಒಳಗೆ ಖರ್ಚು, ಮತ್ತೆ ಮಗು "ಇಲ್ಲಿಗೆ ಹೋಗ್ತೀನಿ" ಅಂತ ಮನಸಾರೆ ಹೇಳ್ಬೇಕು. ಮೂರರಲ್ಲಿ ಒಂದು ಇಲ್ಲಾಂದ್ರೂ ಅದು ಖಾತ್ರಿ ಅಲ್ಲ.

ಸೀಟು ಗ್ಯಾರಂಟಿ ಕೊಡೋ ಕಡೆಗಳು ನಿಜಕ್ಕೂ ಇವೆ. ಟೆಕ್ಸಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಸ್ಕೂಲಿನ ಮೊದಲ ನೂರಕ್ಕೆ ಹತ್ತರಲ್ಲಿರೋ ಮಕ್ಕಳಿಗೆ ರಾಜ್ಯದ ಪಬ್ಲಿಕ್ ಯೂನಿವರ್ಸಿಟಿಗಳಲ್ಲಿ ಸೀಟು ಖಚಿತ, ಆಸ್ಟಿನ್‌ನಲ್ಲಿರೋ ಟೆಕ್ಸಸ್ ಯೂನಿವರ್ಸಿಟಿಗೆ ಮಾತ್ರ ಬೇರೆ ಮಿತಿ, 2026ರ ಫಾಲ್‌ಗೆ ಸೇರೋರಿಗೆ ಅದು ನೂರಕ್ಕೆ ಐದು. ಆದ್ರೆ ಯೂನಿವರ್ಸಿಟಿಗೆ ಸೀಟು ಅಂದ್ರೆ ಕೇಳಿದ ಮೇಜರ್‌ಗೆ ಸೀಟು ಅಂತಲ್ಲ, ಆಸ್ಟಿನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಕೇಳಿ ಬೇರೆ ಏನೋ ಸಿಗೋದು ಸಾಮಾನ್ಯ. ಅರಿಝೋನಾ ಸ್ಟೇಟ್ ಥರದ ಯೂನಿವರ್ಸಿಟಿಗಳು ಇಷ್ಟಿದ್ರೆ ಸೀಟು ಕೊಡ್ತೀವಿ ಅಂತ ವೆಬ್‌ಸೈಟಲ್ಲೇ ಹಾಕ್ತವೆ. ರೋಲಿಂಗ್ ಅಡ್ಮಿಷನ್ (ಅರ್ಜಿ ಬಂದ ಹಾಗೆ ನೋಡಿ ಉತ್ತರ ಕೊಡೋದು) ಇರೋ ಕಡೆ ಆಗಸ್ಟ್ ಸೆಪ್ಟೆಂಬರಲ್ಲೇ ಹಾಕಿದ್ರೆ ಕೆಲವು ವಾರಗಳಲ್ಲೇ ಉತ್ತರ ಬರತ್ತೆ. ಥ್ಯಾಂಕ್ಸ್‌ಗಿವಿಂಗ್ ಒಳಗೆ ಒಂದು ಹೂಂ ಕೈಯಲ್ಲಿದ್ರೆ ಮಗುವಿನ ಉಳಿದ ಎಸ್ಸೇಗಳೇ ಬೇರೆ ಥರ ಬರ್ತವೆ, ಆ ಧೈರ್ಯ ಬರವಣಿಗೇಲಿ ಕಾಣತ್ತೆ.

ಕಮ್ಯುನಿಟಿ ಕಾಲೇಜಿನ ದಾರೀನೂ ಇದೇ ಲೆಕ್ಕಕ್ಕೆ ಬರತ್ತೆ. ನಮ್ಮ ಜನ ಈ ಹೆಸರು ಕೇಳಿದ್ರೇ ಮುಖ ತಿರುಗಿಸ್ತಾರೆ, ಬೇಜಾರಾಗತ್ತೆ ನಂಗೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಅಲ್ಲಿ ಓದಿ ನಿಗದಿತ ಕೋರ್ಸು, ಜಿಪಿಎ ಇಟ್ಕೊಂಡ್ರೆ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮೊದಲೇ ಸೀಟು ಗ್ಯಾರಂಟಿ ಮಾಡ್ಕೊಳ್ಳೋ ಒಪ್ಪಂದ ಇದೆ, ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಮೂರು ಮಾತ್ರ ಅದ್ರಲ್ಲಿಲ್ಲ, ಮತ್ತೆ ಕೆಲವು ಮೇಜರ್‌ಗಳನ್ನ ಹೊರಗಿಟ್ಟಿರ್ತಾರೆ. ವರ್ಜೀನಿಯಾದಲ್ಲೂ ಕಮ್ಯುನಿಟಿ ಕಾಲೇಜಿಂದ ದೊಡ್ಡ ಯೂನಿವರ್ಸಿಟಿಗಳಿಗೆ ಇಂಥ ಒಪ್ಪಂದಗಳಿವೆ. ಕೊನೆಗೆ ಕೈಗೆ ಬರೋ ಡಿಗ್ರಿ ಆ ಯೂನಿವರ್ಸಿಟೀದೇ.

ಖಾತ್ರಿ ಕಾಲೇಜನ್ನ ಮಗುವಿನ ಜೊತೆ ಹೋಗಿ ನೋಡಿ ಬನ್ನಿ. ಎಲ್ಲರೂ ದೊಡ್ಡ ಹೆಸರಿನ ಕ್ಯಾಂಪಸ್ ನೋಡೋಕೆ ಊರೂರು ಸುತ್ತುತಾರೆ, ಇದನ್ನ ನೋಡಲ್ಲ. ಅಲ್ಲಿನ ಆನರ್ಸ್ ಕಾಲೇಜ್ ಬಗ್ಗೆ ಕೇಳಿ, ಬಹಳಷ್ಟು ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಅದಕ್ಕೆ ಬೇರೆ ಹಾಸ್ಟೆಲ್, ಚಿಕ್ಕ ಕ್ಲಾಸ್, ಕೋರ್ಸ್ ರಿಜಿಸ್ಟ್ರೇಷನ್‌ಗೆ ಮೊದಲ ಅವಕಾಶ ಎಲ್ಲ ಇರತ್ತೆ. ಮಗು ಇಷ್ಟಪಡೋ ವಿಷಯದ ಒಂದು ಲ್ಯಾಬ್ ಅಲ್ಲಿ ಕಂಡ್ರೆ ಸಾಕು, ಆ ಹೆಸರು ಲಿಸ್ಟಲ್ಲಿ ಮೇಲಕ್ಕೆ ಬರತ್ತೆ.

ಐದನೇ ಹೆಜ್ಜೆ: ಮಧ್ಯದವು, ಮೇಲಿನವು

ಮಧ್ಯದ ಕಾಲೇಜು ಅಂದ್ರೆ ಮಗುವಿನ ನಂಬರು ಅಲ್ಲಿ ಸೇರಿದ ಮಕ್ಕಳ ಮಧ್ಯದ ಗುಂಪಿಗೋ ಅದಕ್ಕಿಂತ ಸ್ವಲ್ಪ ಮೇಲಕ್ಕೋ ಬೀಳೋವು, ಮತ್ತೆ ಅರ್ಜಿ ಹಾಕಿದವರಲ್ಲಿ ಮೂರಲ್ಲೊಬ್ಬರಿಗಾದ್ರೂ ಸೀಟು ಸಿಗೋವು. ನಾಲ್ಕೈದು ಇರ್ಲಿ. ನೂರಕ್ಕೆ ಇಪ್ಪತ್ತಕ್ಕಿಂತ ಕಮ್ಮಿ ಜನಕ್ಕೆ ಸೀಟು ಕೊಡೋ ಕಾಲೇಜು ಎಂಥಾ ಬುದ್ಧಿವಂತ ಮಗುಗೂ ಮೇಲಿನದೇ, ಅದನ್ನ ಮಧ್ಯದ ಸಾಲಿಗೆ ತರಬೇಡಿ.

ಸ್ಟ್ಯಾನ್‌ಫರ್ಡ್, ಹಾರ್ವರ್ಡ್, ಎಂಐಟಿ ಮೂರೂ ಕಡೆ ಈಗ ನೂರಕ್ಕೆ ಐದು ಜನಕ್ಕೂ ಸಿಗ್ತಿಲ್ಲ. ಅದಕ್ಕೆ ಕೆಲವರು "ಹಾಗಾದ್ರೆ ಅಂಥ ಹದಿನೈದಕ್ಕೆ ಹಾಕೋಣ, ಒಂದಾದ್ರೂ ಸಿಗತ್ತೆ" ಅಂತಾರೆ. ಒಂದೊಂದಕ್ಕೂ ನೂರಕ್ಕೆ ಐದು, ಒಂದಕ್ಕೊಂದು ಸಂಬಂಧ ಇಲ್ಲ ಅಂತ ಲೆಕ್ಕ ಹಾಕಿದ್ರೂ ಹದಿನೈದರಲ್ಲಿ ಒಂದಾದ್ರೂ ಸಿಗೋ ಸಾಧ್ಯತೆ ನೂರಕ್ಕೆ ಐವತ್ನಾಲ್ಕು ಅಷ್ಟೇ, ಅಂದ್ರೆ ಹೆಚ್ಚುಕಮ್ಮಿ ಅರ್ಧ ಮಕ್ಕಳಿಗೆ ಒಂದೂ ಸಿಗಲ್ಲ. ನಿಜದಲ್ಲಿ ಅವು ಸಂಬಂಧ ಇಲ್ಲದವೂ ಅಲ್ಲ, ಹದಿನೈದೂ ಕಡೆ ಹೋಗೋದು ಅದೇ ಮಗುವಿನ ಅದೇ ಫೈಲು, ಒಂದು ಕಡೆ ಕೊರತೆ ಅನಿಸಿದ್ದು ಇನ್ನೊಂದು ಕಡೆಯೂ ಕೊರತೆಯಾಗೇ ಕಾಣತ್ತೆ. ಮೇಲಿಂದ ಹದಿನೈದು ಕಾಲೇಜಿಗೆ ಎಸ್ಸೇ ಬರೀತಾ ಬರೀತಾ ಯಾವುದೂ ಚೆನ್ನಾಗಿ ಬರಲ್ಲ. ಮೇಲಿನವು ಮೂರು ನಾಲ್ಕು ಸಾಕು, ಮಗುಗೆ ಅಲ್ಲೇ ಯಾಕೆ ಹೋಗ್ಬೇಕು ಅಂತ ಹೆಸರು ಮುಚ್ಚಿಟ್ಟೂ ಹೇಳೋಕಾಗೋವು ಮಾತ್ರ.

ಇನ್ನೊಂದು ಲೆಕ್ಕ, ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಒಟ್ಟು ಅಡ್ಮಿಷನ್ ಪರ್ಸೆಂಟ್ ನೋಡಿ ಮೋಸ ಹೋಗ್ಬೇಡಿ. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಮೊದಲ ವರ್ಷಕ್ಕೆ ಸೇರೋರಲ್ಲಿ ಹೊರ ರಾಜ್ಯದವರು ನೂರಕ್ಕೆ 18 ದಾಟಬಾರದು ಅನ್ನೋ ಮಿತಿ ಇದೆ, ಹಾಗಾಗಿ ಅಲ್ಲಿಯ ಮಗುಗೆ ಮಧ್ಯದ್ದಾಗಿರೋ ಕಾಲೇಜು ಹೊರಗಿನ ಮಗುಗೆ ಮೇಲಿನದು.

ಆರನೇ ಹೆಜ್ಜೆ: ಮೇಜರ್ ಬಾಗಿಲು ಯಾವಾಗ ಮುಚ್ಚತ್ತೆ ಅಂತ ನೋಡಿ

ಇದು ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ನರ್ಸಿಂಗ್, ಬಿಸಿನೆಸ್ ಕೇಳೋ ಮಕ್ಕಳಿಗೆ. ಕೆಲವು ಕಡೆ ಅಪ್ಲೈ ಮಾಡುವಾಗಲೇ ಮೇಜರ್ ಆಯ್ಕೆ ಮಾಡಿ ಅದಕ್ಕೇ ಸೀಟು ತಗೋಬೇಕು, ಒಳಗೆ ಹೋದ್ಮೇಲೆ ಬದಲಾಯಿಸೋದು ಬಹಳ ಕಷ್ಟ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟೀಲಿ ಕಂಪ್ಯೂಟರ್ ಸೈನ್ಸ್ ಹಾಗೇ, "ಮೊದ್ಲು ಗಣಿತಕ್ಕೆ ಸೇರ್ಕೊಂಡು ಆಮೇಲೆ ಬದಲಾಯಿಸ್ಕೋತೀನಿ" ಅನ್ನೋ ಪ್ಲಾನ್ ಅಲ್ಲಿ ನಡೆಯೋದು ತೀರಾ ಅಪರೂಪ. ಪರ್ಡ್ಯೂ ಎಂಜಿನಿಯರಿಂಗಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ, ಆಮೇಲೆ ಮೆಕ್ಯಾನಿಕಲ್ಲೋ ಎಲೆಕ್ಟ್ರಿಕಲ್ಲೋ ಆಯ್ಕೆ. ಇನ್ನು ಬಹಳಷ್ಟು ಪ್ರೈವೇಟ್ ಮತ್ತೆ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ (ಎಲ್ಲಾ ಥರದ ವಿಷಯ ಕಲಿಸೋ ಚಿಕ್ಕ ಅಂಡರ್‌ಗ್ರ್ಯಾಡ್ ಕಾಲೇಜುಗಳು) ಎರಡನೇ ವರ್ಷದ ಕೊನೇವರೆಗೂ ಮೇಜರ್ ಹೇಳೋದೇ ಬೇಡ. ಮಗುಗೆ ಇನ್ನೂ ಖಚಿತ ಇಲ್ಲಾಂದ್ರೆ ಬಾಗಿಲು ತಡವಾಗಿ ಮುಚ್ಚೋ ಕಾಲೇಜುಗಳೇ ಲಿಸ್ಟಲ್ಲಿ ಜಾಸ್ತಿ ಇರ್ಲಿ. ಹದಿನೇಳು ವಯಸ್ಸಿಗೆ ಖಚಿತ ಇಲ್ದಿರೋದು ತಪ್ಪೇನಲ್ಲ, ಬಲವಂತಕ್ಕೆ ಕಂಪ್ಯೂಟರ್ ಸೈನ್ಸ್ ಟಿಕ್ ಮಾಡಿಸ್ಬೇಡಿ ದಯವಿಟ್ಟು.

ಲಿಬರಲ್ ಆರ್ಟ್ಸ್ ಅಂದ ತಕ್ಷಣ ಅಲ್ಲಿ ಸೈನ್ಸ್ ಇಲ್ಲ ಅಂದ್ಕೊಳ್ಳೋರು ತುಂಬಾ ಜನ. ಹಾರ್ವಿ ಮಡ್, ಸ್ವಾರ್ಥ್‌ಮೋರ್ ಎರಡರಲ್ಲೂ ಎಂಜಿನಿಯರಿಂಗ್ ಇದೆ, ಕಾರ್ಲ್‌ಟನ್, ಗ್ರಿನೆಲ್ ಥರದ ಕಡೆ ಓದಿ ಪಿಎಚ್‌ಡಿಗೆ ಹೋಗೋ ಮಕ್ಕಳು ಬೇಕಾದಷ್ಟಿದಾರೆ, ಅಲ್ಲಿ ಪ್ರೊಫೆಸರ್ ಜೊತೆ ರಿಸರ್ಚ್ ಮಾಡೋದು ಅಂಡರ್‌ಗ್ರ್ಯಾಡ್ ಮಕ್ಕಳೇ. ಎಂಜಿನಿಯರಿಂಗ್ ಪ್ರೋಗ್ರಾಮ್ ಯಾವುದೇ ಆದ್ರೂ ಎಬೆಟ್ (ಎಂಜಿನಿಯರಿಂಗ್ ಪ್ರೋಗ್ರಾಮ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇದೆಯಾ ಅಂತ ಎಬೆಟ್ ಸೈಟಲ್ಲಿ ನೋಡ್ಕೊಳ್ಳಿ.

ಏಳನೇ ಹೆಜ್ಜೆ: ರ‍್ಯಾಂಕಿಂಗ್ ಬದಲು ಏನು ನೋಡೋದು

ರ‍್ಯಾಂಕಿಂಗ್ ನೋಡ್ಬೇಡಿ ಅಂತ ಹೇಳಿದ್ರೆ ಯಾರೂ ಕೇಳಲ್ಲ ಅಂತ ಗೊತ್ತು. ಆದ್ರೆ ಇದೊಂದು ನೆನಪಿರ್ಲಿ, 2022ರಲ್ಲಿ ಕೊಲಂಬಿಯಾ ಯೂನಿವರ್ಸಿಟಿ, ಕಾಲೇಜ್ ರ‍್ಯಾಂಕಿಂಗ್ ಹಾಕೋ ಯುಎಸ್ ನ್ಯೂಸ್‌ಗೆ ಕೊಟ್ಟಿದ್ದ ಅಂಕಿಅಂಶ ಸರಿಯಿಲ್ಲ ಅಂತ ಅಲ್ಲಿನ ಗಣಿತದ ಪ್ರೊಫೆಸರೇ ತೋರಿಸಿಕೊಟ್ರು, ಎರಡನೇ ಸ್ಥಾನದಲ್ಲಿದ್ದದ್ದು ಅದೇ ವರ್ಷ ಹದಿನೆಂಟಕ್ಕೆ ಇಳೀತು. ಆ ಒಂದು ವರ್ಷದಲ್ಲಿ ಅಲ್ಲಿನ ಕ್ಲಾಸಲ್ಲಾಗಲಿ ಲ್ಯಾಬಲ್ಲಾಗಲಿ ಏನು ಬದಲಾಗಿತ್ತು?

ಅದರ ಬದ್ಲು ಕಾಮನ್ ಡೇಟಾ ಸೆಟ್ಟಲ್ಲೇ ಬಿ ವಿಭಾಗ ತೆಗೆದು ನಾಲ್ಕೇ ವರ್ಷದಲ್ಲಿ ಎಷ್ಟು ಜನ ಡಿಗ್ರಿ ಮುಗಿಸ್ತಾರೆ ನೋಡಿ. ಜಾಹೀರಾತಲ್ಲಿ ಹಾಕೋದು ಬಹಳ ಸಲ ಆರು ವರ್ಷದ ಲೆಕ್ಕ, ನಿಮಗೆ ಐದನೇ ವರ್ಷ ಅಂದ್ರೆ ಇನ್ನೊಂದು ವರ್ಷದ ಖರ್ಚು. ಮೊದಲ ವರ್ಷ ಮುಗಿಸಿ ಎರಡನೇ ವರ್ಷಕ್ಕೆ ವಾಪಸ್ ಬರೋರು ಎಷ್ಟು ಅಂತಾನೂ ಅಲ್ಲೇ ಇದೆ. ಐ ವಿಭಾಗದಲ್ಲಿ ಕ್ಲಾಸ್ ಎಷ್ಟು ದೊಡ್ಡದು, ಜೆ ವಿಭಾಗದಲ್ಲಿ ಯಾವ ವಿಷಯದಲ್ಲಿ ಎಷ್ಟು ಜನ ಡಿಗ್ರಿ ತಗೋತಾರೆ ಅಂತ. ಮಗುಗೆ ಫಿಸಿಕ್ಸ್ ಬೇಕು ಅಂತಿದ್ದು ಅಲ್ಲಿ ಫಿಸಿಕ್ಸ್ ಮಾಡೋರು ನೂರಕ್ಕೆ ಒಬ್ಬರೂ ಇಲ್ಲಾಂದ್ರೆ ಅದೂ ಒಂದು ಸುದ್ದೀನೇ. ಎಜುಕೇಷನ್ ಡಿಪಾರ್ಟ್‌ಮೆಂಟಿನ ಕಾಲೇಜ್ ಸ್ಕೋರ್‌ಕಾರ್ಡಲ್ಲಿ ಒಂದೊಂದು ಮೇಜರ್ ಮುಗಿಸಿದೋರ ಸಂಪಾದನೆ, ಸಾಲ ಎಷ್ಟು ಅಂತ ಸಿಗತ್ತೆ, ಆದ್ರೆ ಅದು ಫೆಡರಲ್ ಸಹಾಯ ತಗೊಂಡ ಮಕ್ಕಳ ಲೆಕ್ಕ ಮಾತ್ರ ಅನ್ನೋದು ಗಮನದಲ್ಲಿರ್ಲಿ.

ಎಂಟನೇ ಹೆಜ್ಜೆ: ಅರ್ಲಿ ಹಾಕೋದಾ ಬೇಡ್ವಾ

ಅರ್ಲಿ ಆಕ್ಷನ್ ಅಂದ್ರೆ ಬೇಗ ಹಾಕಿ ಬೇಗ ಉತ್ತರ ತಗೊಳ್ಳೋದು, ಸೇರಲೇಬೇಕು ಅಂತಿಲ್ಲ, ಇರೋ ಕಡೆಯೆಲ್ಲ ಹಾಕಿ. ಅರ್ಲಿ ಡಿಸಿಷನ್ ಅಂದ್ರೆ ಒಂದೇ ಕಾಲೇಜಿಗೆ, ಸೀಟು ಕೊಟ್ರೆ ಸೇರ್ತೀನಿ ಅಂತ ಮಗು, ಅಪ್ಪ ಅಥವಾ ಅಮ್ಮ, ಸ್ಕೂಲ್ ಕೌನ್ಸೆಲರ್ ಮೂರೂ ಜನ ಸೈನ್ ಮಾಡಿ ಹಾಕೋದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದ್ದು ಮೂರನೇ ಥರ, ಸೇರಲೇಬೇಕಂತಿಲ್ಲ ಆದ್ರೆ ಬೇರೆ ಪ್ರೈವೇಟ್ ಕಾಲೇಜಿಗೆ ಅದೇ ಹೊತ್ತಿಗೆ ಅರ್ಲಿ ಹಾಕೋ ಹಾಗಿಲ್ಲ.

ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಗೋ ಪರ್ಸೆಂಟ್ ಜಾಸ್ತಿ ಕಾಣತ್ತೆ, ಅದ್ರಲ್ಲಿ ಕ್ರೀಡೆಗೆ ಆಯ್ಕೆ ಆದ ಮಕ್ಕಳೂ ಸೇರಿರ್ತಾರೆ, ಹಾಗಾಗಿ ಕಂಡಷ್ಟು ಲಾಭ ಇರಲ್ಲ, ಆದ್ರೂ ಸ್ವಲ್ಪ ಲಾಭ ಇದೆ. ಹಾಕೋಕೆ ಎರಡು ಷರತ್ತು ನಾನು ಹೇಳೋದು, ಮಗುಗೆ ಅದೇ ಬೇಕು ಅಂತ ಸ್ಪಷ್ಟ ಇರ್ಬೇಕು, ಮತ್ತೆ ಕ್ಯಾಲ್ಕ್ಯುಲೇಟರ್ ತೋರಿಸಿದ ದುಡ್ಡು ಯಾವ ಹೋಲಿಕೇನೂ ಇಲ್ದೆ ನಿಮಗೆ ಕಟ್ಟೋಕಾಗ್ಬೇಕು. ಬೇರೆ ಕಾಲೇಜಿನ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡೋಕೆ ಅಲ್ಲಿ ಅವಕಾಶ ಇರಲ್ಲ. ಏಡ್ ಸಾಕಾಗ್ದೇ ಇದ್ರೆ ಬಿಡಿಸ್ಕೊಂಡು ಬರೋಕೆ ಅವಕಾಶ ಇದೆ ನಿಜ, ಅದನ್ನೇ ನಂಬ್ಕೊಂಡು ಹಾಕ್ಬೇಡಿ. ಇಂಥ ಕಾಲೇಜೇ ಬೇಕು ಅಂತ ಮಗುಗೆ ಅನಿಸ್ತಿಲ್ಲಾಂದ್ರೆ, ಲಾಭಕ್ಕೋಸ್ಕರ ಯಾವುದೋ ಒಂದನ್ನ ಹುಡುಕಿ ಹಾಕೋದಂತೂ ಬೇಡವೇ ಬೇಡ.

ತಾರೀಖು ಮತ್ತೆ ಎಣಿಕೆ

ಒಟ್ಟು ಎಂಟರಿಂದ ಹನ್ನೆರಡು. ಕಾಮನ್ ಆಪ್‌ನಲ್ಲಿ (ಒಂದೇ ಫಾರ್ಮಿಂದ ಬೇರೆ ಬೇರೆ ಕಾಲೇಜಿಗೆ ಹಾಕೋ ಸೈಟ್) ಇಪ್ಪತ್ತರ ತನಕ ಸೇರಿಸ್ಬಹುದು, ಸೇರಿಸ್ಬಹುದು ಅಂತ ಸೇರಿಸ್ಬೇಕಿಲ್ಲ. ಒಂದೊಂದು ಕಾಲೇಜೂ ಬೇರೆ ಎಸ್ಸೇ ಕೇಳತ್ತೆ, ಅದನ್ನೆಲ್ಲ ಹನ್ನೆರಡನೇ ಕ್ಲಾಸಿನ ಓದಿನ ಜೊತೆಗೇ ಬರೀಬೇಕು.

ಹನ್ನೊಂದನೇ ಕ್ಲಾಸ್ ಮುಗಿಯೋಕೆ ಮುಂಚೆ, ಏಪ್ರಿಲ್ ಮೇನಲ್ಲೇ, ಇಬ್ಬರು ಟೀಚರ್‌ಗಳಿಗೆ ರೆಕಮೆಂಡೇಷನ್ ಕೇಳ್ಬಿಡಿ, ಬೇಸಿಗೆ ರಜೆ ಆದ್ಮೇಲೆ ಅವರ ಹತ್ರ ಸಾಲು ನಿಂತಿರತ್ತೆ. ಜೂನ್ ಹೊತ್ತಿಗೆ ಇಪ್ಪತ್ತು ಹೆಸರಿದ್ರೂ ಪರವಾಗಿಲ್ಲ, ಕಾಮನ್ ಆಪ್ ತೆರೆಯೋ ಆಗಸ್ಟ್ 1ರ ಒಳಗೆ ಹನ್ನೆರಡಕ್ಕೆ ತನ್ನಿ. ಫಾಫ್ಸಾ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯತ್ತೆ. ಅರ್ಲಿ ಡೆಡ್‌ಲೈನ್ ಬಹಳ ಕಡೆ ನವೆಂಬರ್ 1, ಕೆಲವು ಕಡೆ ಅಕ್ಟೋಬರ್ 15, ಮತ್ತೆ ಮೆರಿಟ್ ಸ್ಕಾಲರ್‌ಶಿಪ್‌ಗೆ ನೋಡ್ಬೇಕಂದ್ರೆ ಅರ್ಲಿ ತಾರೀಖಿಗೇ ಹಾಕಿರ್ಬೇಕು ಅನ್ನೋ ಕಾಲೇಜುಗಳೂ ಇವೆ. ಯುಸಿ ನವೆಂಬರ್ ಕೊನೇಗೆ, ರೆಗ್ಯುಲರ್ ಬಹಳಷ್ಟು ಜನವರಿ ಮೊದಲ ವಾರ. ಫೀಸ್ ಕಟ್ಟೋಕೆ ಕಷ್ಟ ಇದ್ರೆ ಕೌನ್ಸೆಲರ್ ಹತ್ರ ಫೀ ವೇವರ್ ಕೇಳಿ, ಸಂಕೋಚ ಬೇಡ, ಅದು ಇರೋದೇ ಅದಕ್ಕೆ.

ಡಿಸೆಂಬರ್ ಮಧ್ಯದಲ್ಲಿ ಅರ್ಲಿ ರಿಸಲ್ಟ್ ಬಂದು ಇಲ್ಲ ಅಂತಾದ್ರೆ ಆ ರಾತ್ರೀನೇ ಗಾಬರಿಯಿಂದ ಇನ್ನೂ ಐದು ಮೇಲಿನ ಹೆಸರು ಸೇರಿಸೋ ಮನೆಗಳಿವೆ. ಹಾಗೆ ಮಾಡೋ ಬದ್ಲು ಲಿಸ್ಟ್ ತೆಗೆದು ಮಧ್ಯದ ಸಾಲು ಎಣಿಸಿ, ಅಲ್ಲಿ ಮೂರಕ್ಕಿಂತ ಕಮ್ಮಿ ಇದ್ರೆ ಅಲ್ಲಿಗೆ ಒಂದೆರಡು ಸೇರಿಸಿ, ಇದ್ದರೆ ಏನೂ ಸೇರಿಸ್ಬೇಡಿ, ಬರೆದಿರೋ ಎಸ್ಸೇನ ಮತ್ತೊಂದ್ಸಲ ಓದಿ ಕಳಿಸಿ.